ಒಂದು ಈಸಿ ಚೇರು, ಮೂರು ಹಳೆ ರಿಪೇರಿ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ದೊಡ್ಡಪ್ಪನ ಮನೆಯ ಹಳೆ ಕೊಟ್ಟಿಗೆ ಕೆಡವುವಾಗ ಅಟ್ಟದಿಂದ ಇಳಿದ ಸಾಮಾನಿನಲ್ಲಿ ಇದೂ ಒಂದು. ಅಡಿಕೆ ಸಿಪ್ಪೆಯ ಧೂಳು, ಜೇಡರ ಬಲೆ, ಕೋಳಿ ಪಿಕ್ಕೆ ಎಲ್ಲ ಮೆತ್ತಿಕೊಂಡು, ಆಕಾಶನೀಲಿ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿದ್ದ ಈಸಿ ಚೇರು. ಕಾಫಿ ತೋಟದ ಬಂಗಲೆಗಳ ಹಳೆ ಫೋಟೋಗಳಲ್ಲಿ ನೀವು ನೋಡಿರುತ್ತೀರಿ: ಒರಗುವ ಬೆನ್ನು, ಉದ್ದನೆಯ ಕೈ, ಕೈಯ ಅಡಿಯಲ್ಲಿ ಬೋಲ್ಟಿನ ಮೇಲೆ ತಿರುಗುವ ಇನ್ನೊಂದು ಹಲಗೆ. ಅದನ್ನು ಮುಂದಕ್ಕೆ ತಿರುಗಿಸಿ ಕಾಲು ಚಾಚಿದರೆ ಮಧ್ಯಾಹ್ನ ಮುಗಿಯಿತು. ನಮ್ಮ ಕುರ್ಚಿಯಲ್ಲಿ ಎಡಗಡೆಯ ಹಲಗೆ ಇತ್ತು, ಬಲಗಡೆಯದು ನಾಪತ್ತೆ.

"ಸೌದೆಗೆ ಹಾಕಾ ಅತ್ಲಾಗೆ" ಎಂದರು ದೊಡ್ಡಪ್ಪ. ನಾನು ಉಗುರಿನಲ್ಲಿ ಬಣ್ಣ ಕೆರೆದು ಮೂಸಿದೆ. ಸಾಗುವಾನಿಗೆ ಒಂದು ಎಣ್ಣೆ ಎಣ್ಣೆ ವಾಸನೆ ಇರುತ್ತದೆ, ಹಳೆ ಚರ್ಮದ ಚೀಲ ತೆಗೆದ ಹಾಗೆ. ಅದು ಬಂತು. ತೂಕವೂ ಇತ್ತು. ಸೌದೆಗೆ ಹಾಕಲಿಲ್ಲ.

ಇಲ್ಲಿಂದ ಮುಂದೆ ಮಾಡಿದ್ದನ್ನೆಲ್ಲ ಬರೆದಿಟ್ಟಿದ್ದೇನೆ, ತಪ್ಪುಗಳ ಸಮೇತ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕುರ್ಚಿಯನ್ನು ಹಾಳು ಮಾಡಿದ್ದು ಕುಟ್ಟೆ ಹುಳವಲ್ಲ, ಗೆದ್ದಲಲ್ಲ, ಮಳೆಯೂ ಅಲ್ಲ. ಅದಕ್ಕೆ ಮೂರು ಸಲ ಆಗಿದ್ದ ರಿಪೇರಿ. ಮೊದಲನೆಯದು ಸಡಿಲವಾದ ಕೀಲುಗಳಿಗೆ ಹೊಡೆದ ಮೊಳೆ. ಎರಡನೆಯದು ಹರಿದ ಬೆತ್ತದ ಜಾಗಕ್ಕೆ ಬಡಿದ ಪ್ಲೈವುಡ್. ಮೂರನೆಯದು ಇದೆಲ್ಲ ಕಾಣದಿರಲೆಂದು ಬಳಿದ ಎನಾಮಲ್ ಪೇಂಟ್. ನನ್ನ ನಾಲ್ಕು ತಿಂಗಳಲ್ಲಿ ಮುಕ್ಕಾಲು ಪಾಲು ಹೋದದ್ದು ಈ ಮೂರನ್ನು ಬಿಚ್ಚಿ ಸರಿಮಾಡುವುದಕ್ಕೆ.

ಮೇ ಕೊನೆ. ರಾತ್ರಿ ಬಸ್ಸಿನವರು ಕುರ್ಚಿ ಹಾಗೇ ಹಾಕಿಕೊಳ್ಳಲು ಒಪ್ಪಲಿಲ್ಲ. ಸರಿ, ಬಿಚ್ಚೋಣ ಎಂದು ಅಂಗಳದಲ್ಲೇ ಕೂತೆ. ಮೊಳೆ ಇಲ್ಲದ ಕೀಲುಗಳು ಕೈಯಲ್ಲಿ ಅಲ್ಲಾಡಿಸಿದರೇ ಬಂದವು. ಅವಕ್ಕೆ ಹಾಕಿದ್ದು ಮರವಜ್ರ, ತೊಗಲು-ಮೂಳೆ ಕುದಿಸಿ ಮಾಡುವ ಹಳೆ ಕಾಲದ ಅಂಟು. ವಯಸ್ಸಾದಾಗ ಪುಡಿಯಾಗಿ ಬಿಟ್ಟುಕೊಡುತ್ತದೆ, ಗಟ್ಟಿ ಇದ್ದರೂ ಬಿಸಿನೀರಿನ ಹಬೆಗೆ ಕರಗುತ್ತದೆ. ಮೊಳೆ ಹೊಡೆದ ಎರಡು ಕೀಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಕ್ಕಳದಲ್ಲಿ ಎಳೆದರೆ ತುಕ್ಕು ಹಿಡಿದ ತಲೆ ಕಿತ್ತು ಬಂದು ಮೊಳೆಯ ಮೈ ಒಳಗೇ ಉಳಿಯಿತು. ಕೊನೆಗೆ ಸಣ್ಣ ಉಳಿಯಿಂದ ಸುತ್ತ ಕೆತ್ತಿ ತೆಗೆದೆ. ಮೊಳೆ ಇದ್ದಲ್ಲೆಲ್ಲ ಮರ ಇದ್ದಿಲಿನ ಹಾಗೆ ಕಪ್ಪಾಗಿತ್ತು. ಸಾಗುವಾನಿಯ ಒಗರು ಕಬ್ಬಿಣದ ಜೊತೆ ಸೇರಿದರೆ ಹಾಗೇ ಆಗುತ್ತದೆ, ಹಿಂದೆ ಶಾಯಿ ಮಾಡುತ್ತಿದ್ದದ್ದೂ ಇದೇ ಉಪಾಯದಿಂದ.

ಬಸ್ಸಿಗೆ ಹೊತ್ತಾಯಿತೆಂದು ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದೆ. ಯಾವುದು ಎಡ, ಯಾವುದು ಬಲ ಎಂದು ಒಂದು ಗುರುತೂ ಮಾಡಲಿಲ್ಲ. ಫೋಟೋ ಸಹ ತೆಗೆಯಲಿಲ್ಲ. ಮೊಬೈಲು ಜೇಬಿನಲ್ಲೇ ಇತ್ತು.

ಜೂನ್. ಬೆಂಗಳೂರಿನ ಬಾಡಿಗೆ ಮನೆ, ಎರಡನೇ ಮಹಡಿ, ಬಾಲ್ಕನಿಯೇ ಕಾರ್ಖಾನೆ. ಮೊದಲು ಬಣ್ಣ. ಇಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಬಂದದ್ದೇ 2016ರಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಅಂದರೆ ಸೀಸ ಇದೆ ಎಂದೇ ಇಟ್ಟುಕೊಳ್ಳಬೇಕು. ಒಣಗಿದ ಬಣ್ಣದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದರೆ ಧೂಳೆಲ್ಲ ಮನೆಯೊಳಗೆ, ಶ್ವಾಸಕೋಶದೊಳಗೆ. ಹೀಟ್ ಗನ್ ಇಟ್ಟು ಸುಟ್ಟರೆ ಹೊಗೆ. ನಮ್ಮ ಮನೆಯಲ್ಲಿ ತೆವಳುವ ಮಗು ಇದೆ. ಹಾಗಾಗಿ ಪೇಂಟ್ ರಿಮೂವರ್ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅರ್ಧ ಗಂಟೆ ಬಿಟ್ಟು ಒದ್ದೆ ಇರುವಾಗಲೇ ಕೆರೆದು ತೆಗೆದೆ. ಕೆರೆದದ್ದನ್ನು ಹಳೆ ಪೇಪರಿನಲ್ಲಿ ಸುತ್ತಿ ಬೇರೆ ಚೀಲದಲ್ಲಿ ಕಟ್ಟಿಟ್ಟೆ. ಈ ರಿಮೂವರ್ ಕೈಗೆ ತಾಗಿದರೆ ಕೆಂಡ ಇಟ್ಟ ಹಾಗೆ ಉರಿಯುತ್ತದೆ. ದಪ್ಪ ರಬ್ಬರ್ ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಕೆರೆಯುವುದಕ್ಕೆ ಅತ್ಯುತ್ತಮ ಸಾಧನ ಯಾವುದೆಂದು ಕೇಳಿದರೆ ಒಡೆದ ಗಾಜು. ಮರಗೆಲಸದವರು ಮೊದಲಿಂದ ಮಾಡುತ್ತಿದ್ದದ್ದೇ. ಕಿಟಕಿ ಗಾಜಿನ ಚೂರಿನ ಹೊಸ ಅಂಚಿನಷ್ಟು ಚೂಪು ಅಂಗಡಿಯಲ್ಲಿ ತಂದ ಬ್ಲೇಡಿಗೂ ಇಲ್ಲ. ಒಂದು ಬದಿಗೆ ಬಟ್ಟೆ ಸುತ್ತಿ, ನಿಮ್ಮ ಕಡೆಗೆ ಓರೆಯಾಗಿ ಎಳೆದರೆ ಮರ ತೆಂಗಿನತುರಿಯ ಹಾಗೆ ಸುರುಳಿ ಸುರುಳಿ ಬರುತ್ತದೆ. ನೀಲಿ ಹೋಗಿ ಹಸಿರು ಬಂತು, ಹಸಿರು ಹೋಗಿ ಚಾಕಲೇಟು ಬಣ್ಣ ಬಂತು, ಅದರಡಿ ಕೊನೆಗೆ ಜೇನಿನ ಬಣ್ಣದ ಮರ. ಕೆಚ್ಚೆಲ್ಲ ಸೊಗಸಾಗಿತ್ತು. ಕುಟ್ಟೆ ತಿಂದದ್ದು ಒಂದು ಕಾಲಿನ ಹೊರಗಿನ ಬಿಳಿ ಭಾಗವನ್ನು ಮಾತ್ರ. ಆ ತೂತುಗಳಿಗೆ ಸಿರಿಂಜಿನಲ್ಲಿ ಗೆದ್ದಲಿನ ಔಷಧಿ ಬಿಟ್ಟೆ. ಮೊಳೆಯ ಕಪ್ಪು ಕಲೆಗೆ ಆಕ್ಸಾಲಿಕ್ ಆಸಿಡ್ ಬಿಸಿನೀರಿನಲ್ಲಿ ಕದಡಿ ಬ್ರಷ್ಷಿನಲ್ಲಿ ಹಚ್ಚಿದರೆ ಕಣ್ಣೆದುರೇ ಕಪ್ಪು ಕಂದಾಗುತ್ತದೆ. ಅದು ವಿಷ, ಹಚ್ಚಿದ ಮೇಲೆ ಚೆನ್ನಾಗಿ ತೊಳೆಯಬೇಕು. ಮೊಳೆ ತೂತುಗಳಿಗೆ ಬಿದಿರು ಸೀಳಿ, ಹೆರೆದು, ಅಂಟು ಸವರಿ ಬೆಣೆ ಹೊಡೆದೆ.

ಕಾಲುಗಳ ಒಳಬದಿ ಹೇಗೂ ಕಾಣುವುದಿಲ್ಲ ಎಂದು ಅಲ್ಲಿ ಬಣ್ಣ ಬಿಟ್ಟೆ. ಸೋಮಾರಿತನ, ಬೇರೇನೂ ಅಲ್ಲ.

ಜುಲೈ ಮೊದಲ ವಾರ ಜೋಡಣೆ. ಈ ಕುರ್ಚಿಯಲ್ಲಿ ಮೂಲದ ಒಂದು ಮೊಳೆಯೂ ಇಲ್ಲ. ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆ, ಕಾಲಿನಲ್ಲಿ ಅದಕ್ಕೆ ಸರಿಯಾದ ತೂತು, ಅಷ್ಟೇ. ಹಳೆ ಅಂಟನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ತೆಗೆದು, ಒಣಗಿಸಿ, ಫೆವಿಕಾಲ್ ಹಚ್ಚಿ ಸೇರಿಸಿದೆ. ಕ್ಲ್ಯಾಂಪ್ ಎರಡೇ ಇದ್ದವು. ಉಳಿದದ್ದಕ್ಕೆ ಹಳೆ ಸೈಕಲ್ ಟ್ಯೂಬು ಕತ್ತರಿಸಿ ಬಿಗಿಯಾಗಿ ಸುತ್ತಿದೆ, ಅದು ಕ್ಲ್ಯಾಂಪಿಗಿಂತ ಚೆನ್ನಾಗಿ ಹಿಡಿಯಿತು. ಬೆಳಿಗ್ಗೆ ಎದ್ದು ನೆಲಕ್ಕಿಟ್ಟು ನೋಡಿದರೆ ಕುರ್ಚಿ ನಾಯಿ ಕಾಲೆತ್ತಿದ ಹಾಗೆ ನಿಂತಿದೆ. ಹಿಂದಿನ ಬಲಗಾಲು ನೆಲದಿಂದ 9 ಮಿ.ಮೀ. ಮೇಲೆ.

ಹೆಂಡತಿ ಕಾಫಿ ಹಿಡಿದು ಬಂದವಳು ನೋಡಿ, "ಕೆಳಗೊಂದು ರಟ್ಟು ಕೊಟ್ರೆ ಆಯ್ತಲ್ಲ" ಎಂದಳು. ನಾಲ್ಕನೇ ರಿಪೇರಿ ಶುರುವಾಗುವುದು ಹೀಗೇ.

ಬಿಚ್ಚಬೇಕಿತ್ತು. ಮರವಜ್ರವಾಗಿದ್ದರೆ ಕೆಟಲ್ ಹಬೆ ಸಾಕಿತ್ತು. ಫೆವಿಕಾಲ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಆದರೆ ಚೆನ್ನಾಗಿ ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಸುತ್ತಿ, ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ, ಒಂದೊಂದು ಕೀಲಿಗೆ ಹತ್ತು-ಹದಿನೈದು ನಿಮಿಷ, ಆಮೇಲೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟು. ಇಡೀ ಭಾನುವಾರ ಹೋಯಿತು. ಬೇಸರಕ್ಕೆ ಕಾಲಿನ ಒಳಬದಿಯ ಆ ಬಿಟ್ಟ ಬಣ್ಣವನ್ನೂ ಕೆರೆಯುತ್ತ ಕೂತೆ. ಅಲ್ಲಿತ್ತು ನೋಡಿ. ತೂತಿನ ಪಕ್ಕದಲ್ಲಿ ಉಳಿಯ ಬಾಯಿಂದ ಹಾಕಿದ ಸಣ್ಣ ಗೀರುಗಳು. ಒಂದು ಕಾಲಿನಲ್ಲಿ ಒಂದು ಗೀರು, ಇನ್ನೊಂದರಲ್ಲಿ ಎರಡು, ಮೂರು, ನಾಲ್ಕು. ಅಡ್ಡಪಟ್ಟಿಗಳನ್ನು ತಿರುಗಿಸಿ ನೋಡಿದರೆ ನಾಲಿಗೆಯ ಬುಡದಲ್ಲೂ ಅವೇ ಗೀರು. ಕೈಯಲ್ಲೇ ಕೊರೆದ ಕೀಲು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕೆ ಆ ಆಚಾರಿ ಯಾವುದು ಯಾವುದಕ್ಕೆ ಎಂದು ಬರೆದಿಟ್ಟು ಹೋಗಿದ್ದ. ನಾನು ಮೂರರ ಪಟ್ಟಿಯನ್ನು ನಾಲ್ಕರ ಕಾಲಿಗೆ ತುರುಕಿದ್ದೆ.

ಗೀರಿನ ಪ್ರಕಾರ ಸೇರಿಸಿದ ಮೇಲೆ, ಅಂಟು ಒಣಗುವ ಮುಂಚೆ, ಚೌಕಟ್ಟಿನ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಸಮವೇ ಎಂದು ನೋಡಿದೆ. 2 ಮಿ.ಮೀ. ವ್ಯತ್ಯಾಸ. ಟ್ಯೂಬು ಸ್ವಲ್ಪ ಎಳೆದೆ, ಸರಿಹೋಯಿತು. ನಾಲ್ಕು ಕಾಲೂ ನೆಲಕ್ಕೆ.

ಇನ್ನು ಬೆತ್ತ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಪ್ಲೈವುಡ್ ಕಿತ್ತಾಗ ಚೌಕಟ್ಟಿನ ಸುತ್ತ ಹಳೆ ತೂತುಗಳು ಸಿಕ್ಕವು. ಮೂರು ತೂತು ಮೊಳೆ ಹೊಡೆದು ಒಡೆದುಹೋಗಿದ್ದವು, ಅಲ್ಲಿ ಸಾಗುವಾನಿ ಬಿರಡೆ ಹಾಕಿ ಮತ್ತೆ ಕೊರೆದೆ. ತೂತಿನ ಅಗಲ 5 ಮಿ.ಮೀ., ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 16 ಮಿ.ಮೀ. ಈ ಎರಡು ಅಳತೆ ಗೊತ್ತಿದ್ದರೆ ಎಷ್ಟು ಅಗಲದ ಬೆತ್ತ ತರಬೇಕು ಎಂಬುದು ತಾನಾಗಿ ತಿಳಿಯುತ್ತದೆ, ಇದಕ್ಕೆ 2.5 ಮಿ.ಮೀ. ಅಂಗಡಿಯಲ್ಲಿ ಈಗ ಹೆಣೆದೇ ಬರುವ ಬೆತ್ತದ ಹಾಳೆ ಸಿಗುತ್ತದೆ, ಚೌಕಟ್ಟಿನ ಸುತ್ತ ಕಾಲುವೆಯ ಹಾಗೆ ಕೊರೆದು ಅದರೊಳಗೆ ಅಂಟಿಸುವುದು. ತೂತಿರುವ ಕುರ್ಚಿಗೆ ಅದಲ್ಲ. ಪ್ಲಾಸ್ಟಿಕ್ ವೈರು ಅಗ್ಗ, ಬೇಗ ಆಗುತ್ತದೆ, ಆದರೆ ಬೆವರಿದ ಬೆನ್ನಿಗೆ ಅಂಟುತ್ತದೆ. ಬೆತ್ತದ ಕುರ್ಚಿ ನಮ್ಮ ಸೆಕೆಗೆ ಒಗ್ಗಿದ್ದೇ ಗಾಳಿ ಆಡುತ್ತದೆಂದು. ಅದೇ ಸಂದಿಗಳಲ್ಲಿ ತಿಗಣೆಗಳೂ ಸಂಸಾರ ಹೂಡುತ್ತಿದ್ದವು ಎಂಬುದು ಬೇರೆ ಮಾತು. ಹಳೆ ಕಚೇರಿಗಳಲ್ಲಿ ಕುರ್ಚಿಯನ್ನು ಬಿಸಿಲಿಗಿಟ್ಟು ನೆಲಕ್ಕೆ ಕುಟ್ಟುತ್ತಿದ್ದದ್ದು ವ್ಯಾಯಾಮಕ್ಕಲ್ಲ.

ಬೆತ್ತ ಅಂದರೆ ಬಿದಿರಲ್ಲ. ಅದು ಮರಕ್ಕೆ ಹಬ್ಬಿ ಏರುವ ತಾಳೆಯ ಜಾತಿ. ನಮ್ಮ ಘಟ್ಟದ ಕಾಡಿನಲ್ಲೂ ಹಂದಿಬೆತ್ತ, ನಾಗಬೆತ್ತ ಎಂದೆಲ್ಲ ಇವೆ. ಕುರ್ಚಿ ಹೆಣೆಯಲು ಬೇಕಾದದ್ದು ಅದರ ಹೊಳಪಿನ ಸಿಪ್ಪೆ ಮಾತ್ರ. ಎಷ್ಟು ಬೇಕೆಂದು ಲೆಕ್ಕ ಹಾಕಿದೆ: ಹೆಣೆಯುವ ಜಾಗ 48 ಸೆಂ.ಮೀ. ಅಗಲ, ತಲೆಯಿಂದ ಮೊಣಕಾಲಿನವರೆಗೆ ಒಂದೇ ಪಟ್ಟೆ 110 ಸೆಂ.ಮೀ. ಉದ್ದ, ಆರು ಸುತ್ತಿನ ಹೆಣಿಗೆ. ಸುಮಾರು 230 ಮೀಟರ್ ಬಂತು. 300 ತಂದೆ. ಕೊನೆಗೆ ಉಳಿದದ್ದು ಒಂದು ಮುಷ್ಟಿ.

ಆರು ಸುತ್ತು ಹೀಗೆ. ಮೊದಲು ಉದ್ದಕ್ಕೆ ಎಳೆ. ಅದರ ಮೇಲೆ ಅಡ್ಡಕ್ಕೆ. ಮೂರನೆಯದು ಮತ್ತೆ ಉದ್ದಕ್ಕೆ, ಅವೇ ತೂತುಗಳಲ್ಲಿ, ಮೊದಲಿನದರ ಬಲಕ್ಕೆ ಸರಿದು. ಈ ಮೂರರವರೆಗೆ ಹೆಣಿಗೆಯೇ ಇಲ್ಲ, ಒಂದರ ಮೇಲೊಂದು ಹಾಸಿದ್ದು ಅಷ್ಟೆ. ನಾಲ್ಕನೆಯದು ಅಡ್ಡಕ್ಕೆ, ಮೂರನೇ ಸುತ್ತಿನ ಮೇಲೆ, ಒಂದನೇ ಸುತ್ತಿನ ಕೆಳಗೆ ನುಸುಳಿಸುತ್ತ. ಇಲ್ಲಿಗೆ ಚೌಕ ಚೌಕ ಬಿಗಿಯುತ್ತದೆ. ಐದು ಮತ್ತು ಆರು ಓರೆ ಎಳೆಗಳು. ಅವು ಚೌಕದ ಮೂಲೆ ಕತ್ತರಿಸಿದಾಗ ಆ ಎಂಟು ಮೂಲೆಯ ಕಣ್ಣು ಮೂಡುತ್ತದೆ.

ಎಳೆಯನ್ನು ಬೆಚ್ಚನೆ ನೀರಿನಲ್ಲಿ 20-30 ನಿಮಿಷ ನೆನೆಸಬೇಕು, ಹೊಳಪಿನ ಮೈ ಮೇಲೆ ಬರಬೇಕು. ಎಳೆಯನ್ನು ಬೆರಳ ನಡುವೆ ಜಾರಿಸಿದರೆ ಒಂದು ದಿಕ್ಕಿನಲ್ಲಿ ಗಿಣ್ಣು ತಡೆಯುತ್ತದೆ, ಇನ್ನೊಂದು ದಿಕ್ಕಿನಲ್ಲಿ ಜಾರುತ್ತದೆ. ಜಾರುವ ದಿಕ್ಕಿನಲ್ಲೇ ಎಳೆಯಬೇಕು. ಪ್ರತಿ ತೂತಿನಲ್ಲಿ ಎಳೆ ಸಡಿಲವಾಗದಂತೆ ಒಂದು ಬೆಣೆ ಬೇಕು. ನನಗೆ ಒದಗಿದ್ದು ಅಕ್ಕನ ಮಗಳ ಕಂಪಾಸ್ ಬಾಕ್ಸಿನ ಮೋಟು ಪೆನ್ಸಿಲ್‌ಗಳು. ಕೆತ್ತಿದ ತುದಿ 5 ಮಿ.ಮೀ. ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಪೆನ್ಸಿಲ್ ಕಡ್ಡಿಯ ಕಪ್ಪು ಬೆತ್ತಕ್ಕೆ ಹತ್ತದಿರಲಿ ಎಂದು ಮೊನೆ ಮುರಿದುಕೊಂಡೆ.

ಮೊದಲ ಸುತ್ತನ್ನು ವೀಣೆ ತಂತಿಯ ಹಾಗೆ ಬಿಗಿದೆ. ಎಷ್ಟು ಚಂದ ಕಂಡಿತು ಅಂದರೆ ಫೋಟೋ ತೆಗೆದು ಅಕ್ಕನಿಗೂ ಕಳಿಸಿದೆ. ಅಡ್ಡ ಎಳೆ ಹಾಕುತ್ತ ಸೊಂಟದ ಜಾಗಕ್ಕೆ ಬಂದಾಗ ಗೊತ್ತಾಯಿತು. ಈಸಿ ಚೇರಿನ ಬದಿಪಟ್ಟಿ ನೇರ ಇರುವುದಿಲ್ಲ, ಬೆನ್ನಿಗೂ ಕೂರುವಲ್ಲಿಗೂ ನಡುವೆ ಒಳಕ್ಕೆ ಬಾಗಿರುತ್ತದೆ. ಬಿಗಿದ ಎಳೆ ಆ ಬಾಗಿನ ಮೇಲೆ ಹೊಳೆಗೆ ಕಟ್ಟಿದ ಸಂಕದ ಹಾಗೆ ನೇರ ಹೋಗಿತ್ತು. ಅಡ್ಡ ಎಳೆಗಳನ್ನು ಮೇಲಕ್ಕೆ ನೂಕಿ ಹೊಟ್ಟೆ ಬರಿಸಿತ್ತು. ಎರಡು ಸಂಜೆಯ ಕೆಲಸ ಬಿಚ್ಚಿದೆ.

ಆ ವಾರ ಬೆತ್ತ ತಂದ ಅಂಗಡಿಯವರೇ ಒಬ್ಬ ಯಜಮಾನರ ಹೆಸರು ಹೇಳಿ ಕಳಿಸಿದರು. ಸರ್ಕಾರಿ ಕಚೇರಿಗಳ ಬೆತ್ತದ ಕುರ್ಚಿ ಹೆಣೆಯುವುದು ನಮ್ಮಲ್ಲಿ ಬಹುಕಾಲ ಕಣ್ಣು ಕಾಣದವರಿಗೆ ಕಲಿಸುತ್ತಿದ್ದ ಕಸುಬು. ಇವರೂ ಹಾಗೆ ಕಲಿತವರು. ಚೌಕಟ್ಟನ್ನು ಆಟೋದಲ್ಲಿ ಹೊತ್ತುಕೊಂಡೇ ಹೋದೆ. ಬಾಗಿನ ಮೇಲೆ ಅಂಗೈ ಆಡಿಸಿ, "ಉದ್ದದ್ದು ಬಿಗೀಬಾರದಪ್ಪ ಇಲ್ಲಿ. ಅಂಗೈ ಒತ್ತಿದ್ರೆ ತಳ ಮುಟ್ಟೋ ಅಷ್ಟು ಸಡಿಲ ಬಿಡು. ಬಿಗಿ ಏನಿದ್ರೂ ಅಡ್ಡದ್ದರಲ್ಲಿ" ಎಂದರು.

ಓರೆ ಎಳೆ ಶುರು ಮಾಡಿದ ಮೇಲೆ ಇನ್ನೊಮ್ಮೆ ಹೋದೆ. ಒಂದು ಓರೆ ಸುತ್ತು ಉದ್ದದ ಜೋಡಿಯ ಮೇಲೆ, ಅಡ್ಡದ ಜೋಡಿಯ ಕೆಳಗೆ ಹೋಗಬೇಕು. ಎದುರು ಓರೆ ಅದಕ್ಕೆ ತಿರುಗಾಮುರುಗಾ. ನಾನು ಹಾಕಿದ ಐದು ಎಳೆ ಕಣ್ಣಿಗೆ ಸರಿಯಾಗಿಯೇ ಇತ್ತು. ಅವರು ತೋರುಬೆರಳಿನ ಉಗುರು ಹೆಣಿಗೆಯ ಒಂದು ಕಣ್ಣಿನ ಮೂಲೆಯಲ್ಲಿಟ್ಟು ಎಳೆದರು. ಕರಕರ ಸದ್ದು ಬಂತು.

"ಕೇಳ್ತಾ?"

"ಕೇಳ್ತು ಯಜಮಾನ್ರೆ."

"ಉಲ್ಟಾ ಹಾಕಿದೀಯ. ಸರಿ ಇದ್ರೆ ಎಳೆ ಮೂಲೆಯೊಳಗೆ ಹೋಗಿ ಮಲಗುತ್ತೆ. ಇದು ಅಂಚಿನ ಮೇಲೆ ಸವೀತಾ ಇದೆ. ಎರಡು ವರ್ಷಕ್ಕೆ ಅಲ್ಲೇ ಕಡಿಯುತ್ತೆ."

ಬಿಚ್ಚಿ, ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡಿದೆ. ಎಳೆ ನಿಜಕ್ಕೂ ಜಾರಿ ಮೂಲೆಯಲ್ಲಿ ಕೂತಿತು, ಎಳೆಯುವ ಕೈಗೇ ಹಗುರಾಯಿತು. ಆಮೇಲಿಂದ ನಾನೂ ಕಣ್ಣು ಮುಚ್ಚಿ ಉಗುರಿನಲ್ಲೇ ನೋಡತೊಡಗಿದೆ. ಆಗಸ್ಟ್ ಪೂರ್ತಿ, ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಗಂಟೆ. ತೂತುಗಳ ಸಾಲನ್ನು ಮುಚ್ಚುವ ಅಗಲ ಬೆತ್ತದ ಅಂಚು ಕಟ್ಟಿ ಮುಗಿಸಿದ ರಾತ್ರಿ ಹೆಣಿಗೆ ಇನ್ನೂ ಒದ್ದೆ, ಸ್ವಲ್ಪ ಜೋಲು. ಬೆಳಿಗ್ಗೆ ಒಣಗಿದ ಮೇಲೆ ಬೆರಳಿನಿಂದ ಹೊಡೆದರೆ ಟಣ್ ಎಂದಿತು.

ಸೆಪ್ಟೆಂಬರ್‌ನಲ್ಲಿ ಪಾಲಿಶ್. ಪಾಲಿಯುರೆಥೇನ್ ಹಾಕು, ಗಟ್ಟಿ, ನೀರು ತಾಗಲ್ಲ ಎಂದು ಹೇಳಿದವರು ಬಹಳ. ಹೌದು. ಆದರೆ ಗೀರು ಬಿದ್ದರೆ ಪೂರ್ತಿ ಕೆರೆಯಬೇಕು. ಅರಗಿನ ಪಾಲಿಶ್ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ, ಹಳೆಯದರ ಮೇಲೆ ಹೊಸದು ಬೆರೆತುಕೊಳ್ಳುತ್ತದೆ. ಈ ಕುರ್ಚಿಯಲ್ಲಿ ಬಿಚ್ಚಲು ಬಾರದ್ದನ್ನು ಬಿಚ್ಚಿ ಬಿಚ್ಚಿ ಸಾಕಾಗಿತ್ತು, ಅರಗನ್ನೇ ಆರಿಸಿದೆ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವುದೂ ಇದೇ ಅರಗು, ಮರದ ಕೊಂಬೆಗೆ ಅಂಟಿ ಬದುಕುವ ಸಣ್ಣ ಕೀಟದ ಅಂಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಚಪಡಾ ಅಂತ ಕೇಳಿದರೆ ಹಪ್ಪಳದ ಚೂರಿನಂಥ ತೆಳು ಹಳದಿ ಚಕ್ಕೆ ಕೊಡುತ್ತಾರೆ. ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟೆ. ಬೇಗ ಕರಗಲೆಂದು ಸ್ಟೌ ಹತ್ತಿರ ಇಡುವ ಯೋಚನೆ ಬಂದಿತ್ತು. ಅರಗಿನ ಮನೆಯ ಕತೆ ಗೊತ್ತಿದ್ದವನು ಮಾಡುವ ಕೆಲಸವೇ ಅದು?

ಹಳೆ ಬನಿಯನ್ ಬಟ್ಟೆಯೊಳಗೆ ಹತ್ತಿ ಇಟ್ಟು ಉಂಡೆ ಕಟ್ಟಿ, ತೆಳುವಾಗಿ, ನಿಲ್ಲಿಸದೆ ಒರೆಸುತ್ತ ಹೋಗುವುದು. ನಾಲ್ಕನೇ ಸಲ ಒರೆಸುವ ದಿನ ಮಳೆ ಹಿಡಿಯಿತು. ಗಾಳಿಯಲ್ಲಿ ತೇವ ಇದ್ದದ್ದಕ್ಕೆ ಕುರ್ಚಿಯ ಕೈಯ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು ಕೂತಿತು. ಮೂರು ದಿನ ಮುಟ್ಟಲಿಲ್ಲ. ಬಿಸಿಲು ಬಂದ ದಿನ ಬರೀ ಸ್ಪಿರಿಟ್ ಸೋಕಿಸಿದ ಬಟ್ಟೆಯಿಂದ ಒಂದು ಸಲ ಸವರಿದೆ, ಮಂಜು ಹೋಯಿತು.

ಬಲಗಡೆ ಇಲ್ಲದ ಹಲಗೆಯ ವಿಷಯ ಬಾಕಿ ಇತ್ತು. ನಮ್ಮ ಹಾಲಿನಲ್ಲಿ ಎರಡೂ ಕಾಲು ಚಾಚುವಷ್ಟು ಜಾಗ ಹೇಗೂ ಇಲ್ಲ, ಚಾಚಿದರೆ ಟಿವಿಗೆ ತಾಗುತ್ತದೆ. ಹಾಗಾಗಿ ಅದೇ ಬೋಲ್ಟಿನ ತೂತಿಗೆ ತಿರುಗುವ ಒಂದು ತಟ್ಟೆ ಮಾಡಿದೆ. ಮೈಸೂರು ರಸ್ತೆಯ ಹಳೆ ಬಾಗಿಲು-ಕಿಟಕಿ ಅಂಗಡಿಯಿಂದ ಬಾಗಿಲ ಚೌಕಟ್ಟಿನ ಸಾಗುವಾನಿ ತುಂಡು 600 ರೂಪಾಯಿಗೆ ಸಿಕ್ಕಿತು. ಸೀಳಿಸಿ, ಎರಡು ತುಂಡು ಪಕ್ಕಪಕ್ಕ ಅಂಟಿಸಿ, 40 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ ಮಾಡಿದೆ. ಬೇಡದಾಗ ಕೈಯ ಅಡಿಗೆ ಹೋಗುತ್ತದೆ, ಬೇಕಾದಾಗ ತೊಡೆಯ ಮೇಲೆ ಬರುತ್ತದೆ. ಲ್ಯಾಪ್‌ಟಾಪ್ ಕೂರುತ್ತದೆ. ಮೂಲದ ಮರಕ್ಕೆ ಒಂದು ಹೊಸ ತೂತೂ ಕೊರೆಯಲಿಲ್ಲ. ಬೋಲ್ಟು ಬಿಚ್ಚಿದರೆ ಕುರ್ಚಿ ಮೊದಲಿನ ಹಾಗೇ. ಮೊದಲು ಒಂದೇ ವಾಶರ್ ಹಾಕಿದ್ದೆ, ಭಾರ ಬಿದ್ದಾಗ ತಟ್ಟೆ ತಲೆಬಾಗಿಸುತ್ತಿತ್ತು. ಮೇಲೂ ಕೆಳಗೂ ಅಗಲದ ವಾಶರ್ ಹಾಕಿದ ಮೇಲೆ ನಿಂತಿತು.

ತಟ್ಟೆಗೆ ಅರಗು ಹಾಕಲಿಲ್ಲ. ಬಿಸಿ ಲೋಟ ಇಟ್ಟ ಕಡೆ ಬಿಳಿ ಉಂಗುರ ಬೀಳುತ್ತದೆ. ಅಗಸೆ ಎಣ್ಣೆ ಹಚ್ಚಿ, ಒರೆಸಿ, ವಾರ ಬಿಟ್ಟು ಮತ್ತೆ ಹಚ್ಚಿದೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಅದು ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ತಂತಿಯ ಮೇಲೆ ಬಿಡಿಸಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಅಕ್ಟೋಬರ್‌ನಲ್ಲಿ ದೊಡ್ಡಪ್ಪ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದರು. ಕುರ್ಚಿ ನೋಡಿ ಏನೂ ಹೇಳಲಿಲ್ಲ. ಕೂತರು, ಒರಗಿದರು, ಕಣ್ಣು ಮುಚ್ಚಿ ಎಡಗಾಲನ್ನು ಹಲಗೆಗೆ ಏರಿಸಿದರು. ಬಲಗಾಲು ತಾನಾಗಿ ಮೇಲೆದ್ದು ತಟ್ಟೆಗೆ ಬಡಿದು ಕಾಫಿ ಲೋಟ ಉರುಳಿತು. ಒರೆಸಿದೆ. ಎಣ್ಣೆ ಕುಡಿದ ಮರ, ಕಲೆ ಬೀಳಲಿಲ್ಲ.

"ಬಲಗಡೆ ಹಲಗೆ ಎಂತ ಆತು?"

"ಸಿಗ್ಲಿಲ್ಲ ದೊಡ್ಡಪ್ಪ. ಅಟ್ಟದಲ್ಲೆಲ್ಲ ಹುಡುಕಿದೆ."

"ಅಟ್ಟದಲ್ಲಿ ಎಲ್ಲಿ ಸಿಕ್ತು? ಅದನ್ನ ಕೆತ್ತಿ ಕ್ರಿಕೆಟ್ ಬ್ಯಾಟ್ ಮಾಡಿದ್ದು ನೀನೇ ಅಲ್ದನಾ, ಬೇಸಿಗೆ ರಜದಲ್ಲಿ!"

ನೆನಪಾಯಿತು. ಒಳ್ಳೆಯ ಬ್ಯಾಟು, ಭಾರ ಹೆಚ್ಚು, ಕೆರೆಗೆ ಬಿದ್ದು ಹೋಯಿತು. ಅವರು ಇನ್ನೂ ಮೂರು ವಾರ ಇಲ್ಲೇ ಇರುತ್ತಾರೆ. ಎಡಗಡೆಯದನ್ನು ಬಿಚ್ಚಿ ಅಳತೆ ತೆಗೆದಿದ್ದೇನೆ: 74 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 22 ಮಿ.ಮೀ. ದಪ್ಪ. ಬೋಲ್ಟು ಹೇಗೂ ಅದೇ. ಈ ಶನಿವಾರ ಮತ್ತೆ ಮೈಸೂರು ರಸ್ತೆಗೆ ಹೋಗಬೇಕು.